ನಕ್ಷತ್ರ ಸುಮ್ಮನೆ ಬೀಳುವುದಿಲ್ಲ

ವಿಜ್ಞಾನ ವಾಹನದ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹಳ್ಳಿಯ ಶಾಲೆಯ ಅಂಗಳದಲ್ಲಿ ನಿಂತು ಗ್ಯಾಲಕ್ಸಿಗಳ ವಿಷಯ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆಯೇ? ಖಂಡಿತವಾಗಿ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಹೇಳುವವರಿಗೇ ಅದು ಪೂರ್ತಿಯಾಗಿ ಅರ್ಥವಾಗಿಲ್ಲವೆಂದು ತಿಳಿದು ಮನೆಗೆ ಹೋಗಿ ಓದಬೇಕು. ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಹುಲಿಯೂರುದುರ್ಗದ ಒಂದು ಶಾಲಾ ಕೊಠಡಿಯಲ್ಲಿ ಕಲಿತೆ. ಆ ಕೊಠಡಿಯ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಕುಣಿಗಲ್ಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಅಧ್ಯಾಪಕಿಯಾಗಿದ್ದೆ. ನನ್ನ ಮುಂದೆ ಬಾಯಿ ತೆರೆಯುವ ಮೊದಲು ಮಕ್ಕಳು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಕಟ್ಟಿ, ತಿದ್ದಿಕೊಳ್ಳುತ್ತಿದ್ದರು. ಯಾವುದು ಯಾವುದಕ್ಕೆ ಏನು ಮಾಡಿತು ಎಂಬುದು ಸ್ಪಷ್ಟವಾಗದ ಉತ್ತರಕ್ಕೆ, ಅದರಲ್ಲಿ ಎಷ್ಟು ದೊಡ್ಡ ಪದಗಳಿದ್ದರೂ, ನಾನು ಅಂಕ ಕೊಡುತ್ತಿರಲಿಲ್ಲ. ತೊಂಬತ್ತರ ದಶಕದ ಮಧ್ಯಭಾಗದಲ್ಲಿ ನನ್ನನ್ನು ತುಮಕೂರಿನಿಂದ ಹೊರಡುವ ವಿಜ್ಞಾನ ವಾಹನಕ್ಕೆ ನಿಯೋಜಿಸಿದಾಗ ಇಡೀ ಶಾಲೆ ಸಂಭ್ರಮದಿಂದ ಬೀಳ್ಕೊಟ್ಟಿತು. ಆ ಸಂಭ್ರಮದಲ್ಲಿ ನನ್ನ ಮೇಲಿನ ಪ್ರೀತಿ ಎಷ್ಟು, ಬಿಡುಗಡೆಯ ನಿಟ್ಟುಸಿರು ಎಷ್ಟು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ವಾಹನವೆಂದರೆ ನೀಲಿ ಬಣ್ಣದ ಒಂದು ಹಳೆಯ ವ್ಯಾನು. ಒಳಗೆ ಪುಟ್ಟ ದೂರದರ್ಶಕ, ಸ್ಲೈಡ್ ಪ್ರೊಜೆಕ್ಟರ್, ಧ್ವನಿವರ್ಧಕ ಮತ್ತು ಮಡಚಿಟ್ಟ ಮಾದರಿಗಳು. ಅದನ್ನು ನಡೆಸುತ್ತಿದ್ದವರು ಇಬ್ಬರು. ಚಾಲಕ ಸಿದ್ದಪ್ಪ ಹೆಬ್ಬೂರಿನವನು. ವ್ಯಾನಿನ ಎಂಜಿನ್ನಿಗೂ ಮೈಕಿಗೂ ಅವನೇ ವೈದ್ಯ. ಸಂಯೋಜಕರಾದ ಶ್ರೀಕಂಠಯ್ಯನವರು ನನ್ನ ಮೇಲಧಿಕಾರಿ. ಯೌವನದಲ್ಲಿ ನಾಟಕವಾಡಿದ್ದವರು, ಕಂಚಿನ ಕಂಠದವರು. ಎದುರಿಗೆ ಜನ ಕಂಡರೆ ಅವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಪ್ರತಿ ಪ್ರದರ್ಶನದ ಕೊನೆಯ ಭಾಗಕ್ಕೆ ಅವರು ‘ಆಕಾಶದ ರಾಕ್ಷಸ’ ಎಂದು ಹೆಸರಿಟ್ಟಿದ್ದರು. ದೊಡ್ಡ ಕಬ್ಬಿಣದ ಬಳೆಗೆ ಹಿಗ್ಗುವ ಬಟ್ಟೆಯನ್ನು ಬಿಗಿದು, ನಡುವೆ ಒಂದು ಭಾರವಾದ ಗುಂಡನ್ನಿಟ್ಟರೆ ಬಟ್ಟೆ ಹೊಂಡವಾಗುತ್ತಿತ್ತು. ಆ ಗುಂಡೇ ಗ್ಯಾಲಕ್ಸಿಯ ನಟ್ಟನಡುವಿನ ಕಪ್ಪುರಂಧ್ರ, ಅಂದರೆ ಲಕ್ಷಾಂತರ ಸೂರ್ಯರ ದ್ರವ್ಯವನ್ನು ಪುಟ್ಟ ಜಾಗದಲ್ಲಿ ಅಡಕಮಾಡಿಕೊಂಡು ಬೆಳಕನ್ನೂ ಹೊರಗೆ ಬಿಡದ ವಸ್ತು. ನಕ್ಷತ್ರಗಳಾಗಿ ಗೋಲಿಗಳು. ಅಂಚಿನಿಂದ ಗೋಲಿಯನ್ನು ಉರುಳಿಸಿದರೆ ಅದು ಸುತ್ತುತ್ತ, ಸುತ್ತುತ್ತ, ಹೊಂಡಕ್ಕಿಳಿದು ಗುಂಡಿಗೆ ಟಕ್ ಎಂದು ಬಡಿಯುತ್ತಿತ್ತು. ಆ ಕ್ಷಣಕ್ಕೆ ಸರಿಯಾಗಿ ಸಿದ್ದಪ್ಪ ಧ್ವನಿವರ್ಧಕದಲ್ಲಿ ಗುಡುಗಿನ ಸದ್ದು ಹಾಕುತ್ತಿದ್ದ. ಶ್ರೀಕಂಠಯ್ಯನವರು ಕೈಯೆತ್ತಿ, “ಎಲ್ಲವನ್ನೂ ಹೀರುತ್ತದೆ! ಯಾವುದೂ ತಪ್ಪಿಸಿಕೊಳ್ಳಲಾರದು!” ಎಂದು ಗರ್ಜಿಸುತ್ತಿದ್ದರು. ಮಕ್ಕಳು ಕಿರುಚುತ್ತಿದ್ದರು.

“ಒಂದ್ಸಲ ಕಿರುಚಬೇಕು ಮೇಡಂ,” ಎನ್ನುತ್ತಿದ್ದರು ಅವರು. “ಕಿರುಚಿದ ಪಾಠ ಜನ್ಮದಲ್ಲಿ ಮರೆಯಲ್ಲ.”

ಆ ಮಾತಿನಲ್ಲಿ ಸತ್ಯವಿತ್ತು. ಅದೇ ತೊಂದರೆಯಾಯಿತು.

ಮೊದಲ ಎಚ್ಚರಿಕೆ ಸಿಕ್ಕಿದ್ದು ಗುಬ್ಬಿಯಲ್ಲಿ. ಪ್ರದರ್ಶನ ಮುಗಿದು ಮಕ್ಕಳು ಚದುರಿದ ಮೇಲೆ ಅಲ್ಲಿನ ಗಣಿತದ ಮೇಷ್ಟ್ರು ಬಟ್ಟೆಯ ಹೊಂಡದ ಬಳಿ ಬಂದು ನಿಂತರು. ತಾವೇ ಗೋಲಿಯೊಂದನ್ನು ಉರುಳಿಸಿ, ಅದು ಬೀಳುವವರೆಗೂ ನೋಡಿ, ನನ್ನ ಕಡೆ ತಿರುಗಿದರು.

“ಮೇಡಂ, ಬಿಟ್ಟ ಗೋಲಿ ಒಂದೂ ಉಳಿಯಲ್ಲ. ಗ್ಯಾಲಕ್ಸಿಗೆ ವಯಸ್ಸು ಕೋಟಿ ಕೋಟಿ ವರ್ಷ ಅಂತೀರ. ಮತ್ತೆ ಇಷ್ಟೊಂದ್ ನಕ್ಷತ್ರ ಹೆಂಗ್ ಉಳ್ಕೊಂಡವೆ?”

ಶ್ರೀಕಂಠಯ್ಯನವರು ಅಂದು ರಜೆಯಲ್ಲಿದ್ದರು. ನಾನು ಹೊಂಡವನ್ನು ನೋಡಿದೆ, ಗೋಲಿಯನ್ನು ನೋಡಿದೆ. “ನನಗೆ ಗೊತ್ತಿಲ್ಲ. ತಿಳಿದುಕೊಂಡು ಮತ್ತೆ ಬಂದು ಹೇಳ್ತೀನಿ,” ಎಂದೆ.

ಹಿಂದಿರುಗುವ ದಾರಿಯಲ್ಲಿ ಸಿದ್ದಪ್ಪನಿಗೆ ಸಮಾಧಾನವಿರಲಿಲ್ಲ. “ಅಲ್ಲ ಮೇಡಂ, ಮೇಷ್ಟ್ರ ಎದುರಿಗೇ ಗೊತ್ತಿಲ್ಲ ಅಂದ್ಬುಟ್ರಲ್ಲ?”

“ಗೊತ್ತಿರಲಿಲ್ಲ, ಅಂದೆ.”

“ನಮ್ ಸಾಹೇಬ್ರಾಗಿದ್ರೆ ಮೈಕ್ ಕೆಟ್ಟೋಯ್ತು ಅಂತಿದ್ರು.”

ಈ ಕೆಲಸಕ್ಕೆ ಬರುವವರು ‘ಗೊತ್ತಿಲ್ಲ’ ಎಂಬ ಮಾತನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಬೇಕು. ಗಂಟಲು ಸರಿಪಡಿಸಿಕೊಳ್ಳದೆ, ನೆಲ ನೋಡದೆ ಹೇಳಬೇಕು. ಹೇಳಿದ ಮೇಲೆ ತಿಳಿದುಕೊಂಡು ಅದೇ ಊರಿಗೆ ಮತ್ತೆ ಹೋಗಬೇಕು. ಎರಡನೆಯದನ್ನು ಮಾಡದಿದ್ದರೆ ಮೊದಲನೆಯದು ಬರಿಯ ಸೋಗು.

ನಾನು ಓದಲು ಆರಂಭಿಸಿದ್ದೆನಷ್ಟೇ. ಅಷ್ಟರಲ್ಲಿ ಹುಲಿಯೂರುದುರ್ಗದ ಸರದಿ ಬಂತು. ಬೆಟ್ಟದ ಕೋಟೆಯ ಕೆಳಗಿನ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ನಮ್ಮ ಪ್ರದರ್ಶನ ಎಂದಿನಂತೆಯೇ ನಡೆಯಿತು. ಶ್ರೀಕಂಠಯ್ಯನವರು ಅಂದು ವಿಶೇಷ ಉತ್ಸಾಹದಲ್ಲಿದ್ದರು. ಸಂಜೆಗತ್ತಲು, ಹಿಂದೆ ಬಂಡೆಯ ಬೆಟ್ಟ, ಮುಂದೆ ಗುಡುಗು. ಮಕ್ಕಳು ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ.

ಮುಂದಿನ ವಾರ ಅಲ್ಲಿನ ಮುಖ್ಯೋಪಾಧ್ಯಾಯಿನಿ ಗಿರಿಜಮ್ಮನವರು ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ, ತುಮಕೂರಿನ ಸದಾಶಿವನಗರದಲ್ಲಿದ್ದ ನನ್ನ ಮನೆಯನ್ನು ಹುಡುಕಿಕೊಂಡು ಬಂದರು. ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದಿದ್ದರೇ ಹೊರತು ಕುಡಿಯಲಿಲ್ಲ.

“ನಿಮ್ ಗಾಡಿ ಬಂದು ಹೋದ್ಮೇಲೆ ನಮ್ ಹುಡುಗ್ರು ಸಾಯಂಕಾಲ ಆದ್ರೆ ಅಂಗಳಕ್ಕೇ ಬರ್ತಿಲ್ಲ ಕಣ್ರೀ. ಆಕಾಶದಲ್ಲಿ ತೂತೈತೆ, ಎಳ್ಕೊಂಡ್ಬುಡುತ್ತೆ ಅಂತಾವೆ. ಒಬ್ಳಂತೂ ಕೊಡೆ ಹಿಡ್ಕೊಂಡು ಹಿತ್ತಲಿಗೆ ಹೋಗ್ತಾಳಂತೆ.”

ನನಗೆ ನಗು ಬಂತು.

“ನಗಬ್ಯಾಡಿ. ನಮ್ ರೂಮ್ ಹೋಗುತ್ತೆ.”

ಆ ಕೊಠಡಿಯ ವಿಷಯ ನನಗೆ ಗೊತ್ತಿತ್ತು. ಮುರಿದ ಬೆಂಚುಗಳನ್ನು ತುಂಬಿದ್ದ ಒಂದು ಮೂಲೆಯ ಕೊಠಡಿಯನ್ನು ಬಿಡಿಸಿಕೊಳ್ಳಲು ಗಿರಿಜಮ್ಮ ವರ್ಷಗಟ್ಟಲೆ ಓಡಾಡಿದ್ದರು. ತಾವೇ ನಿಂತು ಸುಣ್ಣ ಹೊಡೆಸಿ, ಬಾಟಲಿಗಳಲ್ಲಿ ಬೀಜಗಳನ್ನಿಟ್ಟು, ಗೋಡೆಗೆ ಪಟಗಳನ್ನು ಹಾಕಿ, ಬಾಗಿಲ ಮೇಲೆ ‘ವಿಜ್ಞಾನ ಕೊಠಡಿ’ ಎಂದು ಬರೆಸಿದ್ದರು. ಶಾಲಾ ಸಮಿತಿಯ ಅಧ್ಯಕ್ಷ ಕೆಂಪಣ್ಣನವರಿಗೆ ಬಸ್ ಸ್ಟ್ಯಾಂಡಿನ ಬಳಿ ಕಬ್ಬಿಣ, ಸಿಮೆಂಟಿನ ಅಂಗಡಿ. ಶಾಲೆಯ ಕಾಂಪೌಂಡ್ ಕಟ್ಟಿಸುವ ಹೊಣೆ ಹೊತ್ತಿದ್ದ ಅವರಿಗೆ ಮೂಟೆಗಳನ್ನು ಇಡಲು ಒಣ ಜಾಗ ಬೇಕಿತ್ತು. ಮೊದಲಿನಿಂದಲೂ ಅವರ ಕಣ್ಣು ಆ ಕೊಠಡಿಯ ಮೇಲೆ.

“ಈಗ ಅವ್ರಿಗೆ ಬಾಯಿ ಬಂದಂಗಾಗೈತೆ,” ಎಂದರು ಗಿರಿಜಮ್ಮ. “‘ಮಕ್ಕಳನ್ನ ಹೆದ್ರಿಸೋಕೆ ಒಂದ್ ರೂಮ್ ಯಾಕಮ್ಮ, ಸಿಮೆಂಟ್ ಇಟ್ರೆ ಅದು ಯಾರ್ನೂ ಹೆದ್ರಿಸಲ್ಲ’ ಅಂತವ್ರೆ. ಬರೋ ಸಭೆಲಿ ತೀರ್ಮಾನ ಆಗೋಗುತ್ತೆ. ಒಂದ್ಸಲ ಸಿಮೆಂಟ್ ಒಳಗ್ ಬಂದ್ರೆ ಆ ರೂಮ್ ನನ್ ಕಾಲಕ್ಕೆ ವಾಪಸ್ ಬರಲ್ಲ. ಅಷ್ಟರೊಳಗೆ ಬನ್ನಿ. ಹೆದ್ರಿಕೆ ಹಾಕ್ದೋರೇ ತೆಗೀರಿ.”

ಹೋಗುವಾಗ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟವನ್ನು ಕೆಳಗಿಟ್ಟರು. ಅದು ಆಗಲೇ ತಣ್ಣಗಾಗಿತ್ತು.

ಶ್ರೀಕಂಠಯ್ಯನವರು ಮೊದಲು ಒಪ್ಪಲಿಲ್ಲ. ಒಂದೇ ಊರಿಗೆ ಎರಡು ಬಾರಿ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ. “ಹೋಗಿ ಏನ್ ಹೇಳ್ತೀರ ಮೇಡಂ? ರಾಕ್ಷಸ ಇಲ್ಲ ಅಂತೀರ?”

“ಇದ್ದಾನೆ ಸಾರ್, ಆದರೆ ಹೀರೋದಿಲ್ಲ ಅಂತೀನಿ.”

ಅವರು ಬಹಳ ಹೊತ್ತು ಮೇಜಿನ ಮೇಲೆ ಬೆರಳಾಡಿಸಿದರು. “ಹೋಗಿ. ಇನ್ನೊಂದ್ ಸಲ ಗಲಾಟೆಯಾದ್ರೆ ಆಕಾಶದ ಭಾಗವನ್ನೇ ತೆಗೆದು, ಹಲ್ಲುಜ್ಜೋದು ಹೇಗೆ ಅಂತ ತೋರಿಸ್ಕೊಂಡಿರೋಣ.”

ನಾನು ಬೆಂಗಳೂರಿನ ಗ್ರಂಥಾಲಯವೊಂದಕ್ಕೆ ಹೋಗಿ, ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದರ ಸಾರ ಸರಳವಾಗಿತ್ತು. ಕಪ್ಪುರಂಧ್ರಕ್ಕೆ ಪ್ರತ್ಯೇಕವಾದ ಯಾವ ಹೀರುವ ಶಕ್ತಿಯೂ ಇಲ್ಲ. ದೂರದಿಂದ ನೋಡಿದರೆ ಅದರ ಸೆಳೆತ ಅಷ್ಟೇ ತೂಕದ ಬೇರೆ ಯಾವ ವಸ್ತುವಿನ ಸೆಳೆತಕ್ಕಿಂತಲೂ ಭಿನ್ನವಲ್ಲ. ಸೂರ್ಯನ ಜಾಗದಲ್ಲಿ ಸೂರ್ಯನಷ್ಟೇ ತೂಕದ ಕಪ್ಪುರಂಧ್ರವನ್ನಿಟ್ಟರೆ ಭೂಮಿಗೆ ಬೆಳಕು ಹೋಗುತ್ತದೆ, ದಾರಿ ತಪ್ಪುವುದಿಲ್ಲ. ಭೂಮಿ ಸೂರ್ಯನೊಳಕ್ಕೆ ಬೀಳದಿರುವುದು ಪಕ್ಕಕ್ಕೆ ಓಡುತ್ತಿರುವುದರಿಂದ. ಗ್ಯಾಲಕ್ಸಿಯ ನಡುವಿನ ನಕ್ಷತ್ರಗಳೂ ಹಾಗೆಯೇ ಪಕ್ಕಕ್ಕೆ ಓಡುತ್ತಿವೆ. ಆ ಓಟವನ್ನು ಕಳೆದುಕೊಳ್ಳದೆ ಯಾವ ನಕ್ಷತ್ರವೂ ಒಳಗೆ ಬೀಳಲಾರದು.

ಹಾಗಾದರೆ ನಮ್ಮ ಗೋಲಿಗಳು ಏಕೆ ತಪ್ಪದೆ ಬೀಳುತ್ತಿದ್ದವು? ಬಟ್ಟೆಯ ಉಜ್ಜುವಿಕೆಯಿಂದ. ಗೋಲಿಯ ಓಟವನ್ನು ಕಸಿದುಕೊಳ್ಳುತ್ತಿದ್ದುದು ನಡುವಿನ ಗುಂಡಲ್ಲ, ಕೆಳಗಿನ ಬಟ್ಟೆ. ಆಕಾಶದಲ್ಲಿ ಬಟ್ಟೆಯಿಲ್ಲ. ಊರೂರಿಗೆ ಹೊತ್ತು ತಿರುಗಿದ ನಮ್ಮ ಮಾದರಿ, ಊರೂರಲ್ಲೂ ಬಟ್ಟೆಯ ಗುಣವನ್ನೇ ಆಕಾಶದ ಗುಣವೆಂದು ಕಲಿಸಿತ್ತು. ಮಾದರಿಯೊಂದನ್ನು ಕೈಗೆತ್ತಿಕೊಳ್ಳುವ ಮೊದಲು, ಅದರಲ್ಲಿ ವಿಷಯದ ಗುಣ ಯಾವುದು, ಸಾಮಗ್ರಿಯ ಗುಣ ಯಾವುದು ಎಂದು ಬೇರ್ಪಡಿಸಿ ನೋಡಿ. ನನಗೆ ಈ ಕೆಲಸ ಕಲಿಸಿದ ಅತ್ಯಂತ ಉಪಯುಕ್ತವಾದ ಅಭ್ಯಾಸ ಅದು.

ಉಜ್ಜದ ಮಾದರಿಯೊಂದು ಬೇಕಾಗಿತ್ತು. ನಮ್ಮ ಮನೆಯ ನಡುಮನೆಯ ತೊಲೆಯಲ್ಲಿ ತೊಟ್ಟಿಲಿನ ಕೊಂಡಿ ಹಾಗೆಯೇ ಉಳಿದಿತ್ತು. ಸಿದ್ದಪ್ಪನೂ ನಾನೂ ಅದಕ್ಕೆ ಉದ್ದನೆಯ ಹಗ್ಗ ಕಟ್ಟಿ, ತುದಿಗೆ ಜುಟ್ಟು ಬಿಟ್ಟು ಸುಲಿದ ಒಂದು ತೆಂಗಿನಕಾಯಿಯನ್ನು ಇಳಿಬಿಟ್ಟೆವು. ಕಾಯಿಯ ನೇರ ಕೆಳಗೆ ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಬೋರಲು ಹಾಕಿದ ಹಿತ್ತಾಳೆಯ ಚೊಂಬು, ಕಾಯಿ ನಡುವಿಗೆ ಬಂದರೆ ಬಡಿಯುವಷ್ಟು ಎತ್ತರಕ್ಕೆ. ಕಾಯಿಯೇ ನಕ್ಷತ್ರ, ಚೊಂಬೇ ಕಪ್ಪುರಂಧ್ರ. ಕಾಯಿಯನ್ನು ಒಂದು ಬದಿಗೆ ಎಳೆದು, ಸ್ವಲ್ಪ ಪಕ್ಕಕ್ಕೆ ತಳ್ಳಿ ಬಿಟ್ಟರೆ ಅದು ಚೊಂಬನ್ನು ಸುತ್ತತೊಡಗುತ್ತದೆ. ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ತಾಗುವುದಿಲ್ಲ. ಭಾರದ ಕಾಯಿ, ಉದ್ದನೆಯ ಹಗ್ಗ. ಸುತ್ತು ಬೇಗ ಸೊರಗುವುದೂ ಇಲ್ಲ.

ಒಂದೇ ಕೊಂಡಿಗೆ ಮೂರು ಕಾಯಿಗಳನ್ನು ಕಟ್ಟಿ ನೋಡೋಣವೆಂದು ನಾನೇ ಹೇಳಿದೆ. ಕ್ಷಣದಲ್ಲಿ ಹಗ್ಗಗಳು ಹೆಣೆದುಕೊಂಡವು.

“ನಕ್ಷತ್ರಗಳು ಜಡೆ ಹಾಕ್ಕೊಂಡವು ಮೇಡಂ,” ಎಂದ ಸಿದ್ದಪ್ಪ. “ಹೂ ಒಂದ್ ಮುಡಿಸ್ಬುಡಿ.”

ಎರಡೇ ಸಾಕೆಂದು ತೀರ್ಮಾನವಾಯಿತು. ಮೂರನೆಯ ಕಾಯಿ ಅಂದೇ ಚಟ್ನಿಯಾಯಿತು.

ಸಮಿತಿಯ ಸಭೆಯ ದಿನವೇ ಬೆಳಗ್ಗೆ ನಾವು ಹುಲಿಯೂರುದುರ್ಗಕ್ಕೆ ಹೋದೆವು. ಅಂಗಳ ಬೇಡ, ವಿಜ್ಞಾನ ಕೊಠಡಿಯಲ್ಲಿಯೇ ನಡೆಯಲಿ ಎಂದು ಗಿರಿಜಮ್ಮ ಹಟ ಹಿಡಿದಿದ್ದರು. ತೊಲೆಗೆ ಕೊಂಡಿ ಹೊಡೆದು ಎಲ್ಲವನ್ನೂ ಅಣಿಗೊಳಿಸಿದೆವು. ಮಕ್ಕಳು ಗೋಡೆಗಂಟಿ ಕುಳಿತರು. ಬಾಗಿಲಲ್ಲಿ ತಾಯಂದಿರು ನಿಂತರು. ಕೆಂಪಣ್ಣನವರು ಬಂದವರೇ ಕುರ್ಚಿಯಲ್ಲಿ ಕೂರದೆ ಕೊಠಡಿಯ ಉದ್ದಗಲವನ್ನು ಕಣ್ಣಲ್ಲೇ ಅಳೆದರು.

“ಏನ್ ಮೇಡಮ್ಮೋರೆ, ಗುಡುಗು ತಂದಿಲ್ವಾ ಇವತ್ತು?”

“ಇಲ್ಲ ಸಾರ್. ಇವತ್ತು ತೆಂಗಿನಕಾಯಿ.”

“ಒಳ್ಳೇದಾಯ್ತು ಬುಡಿ. ಹೆದ್ರಿದ್ ಹುಡುಗ್ರಿಗೆ ನೀವಾಳ್ಸಿ ಇಳೆ ತೆಗೀಬೌದು.”

ಬಾಗಿಲಲ್ಲಿದ್ದವರು ನಕ್ಕರು. ಗಿರಿಜಮ್ಮ ನಗಲಿಲ್ಲ. ನಾನು ಚೊಂಬು ಏನು, ಕಾಯಿ ಏನು ಎಂದು ಹೇಳಿ, ಮುಂದೆ ಕುಳಿತಿದ್ದ ಹುಡುಗಿಯೊಬ್ಬಳನ್ನು ಕರೆದು ಕಾಯಿಯನ್ನು ಪಕ್ಕಕ್ಕೆ ತಳ್ಳಲು ಹೇಳಿದೆ. “ನೋಡಿ, ಇದು ಚೊಂಬಿಗೆ ತಾಗುವುದಿಲ್ಲ,” ಎಂದು ಧೈರ್ಯವಾಗಿ ಸಾರಿದೆ.

ಕಾಯಿ ಅರ್ಧ ಸುತ್ತು ಹಾಕಿ ಚೊಂಬಿಗೆ ಠಣ್ ಎಂದು ಬಡಿಯಿತು. ಚೊಂಬು ಉರುಳಿ ಬಾಗಿಲವರೆಗೆ ಹೋಯಿತು. ಹಿಂದಿನ ಸಾಲಿನ ಪುಟ್ಟ ಮಕ್ಕಳು ಚೀರಿದರು.

“ಬಿತ್ತಲ್ಲ ಮೇಡಂ!” ಎಂದರು ಕೆಂಪಣ್ಣ, ಕೈ ತಟ್ಟಿ. “ನಿಮ್ ರಾಕ್ಷಸ ಬುಡೋ ಪೈಕಿ ಅಲ್ಲ.”

ಗಿರಿಜಮ್ಮ ಕಿಟಕಿಯ ಸರಳನ್ನು ಹಿಡಿದುಕೊಂಡದ್ದು ನನಗೆ ಕಾಣಿಸಿತು. ಗಾಬರಿಯಾದಾಗ ಮಾತನಾಡಬಾರದು, ಕೈಗೆ ಕೆಲಸ ಕೊಡಬೇಕು. ನಾನು ಕಾಯಿಯನ್ನು ಹಿಡಿದು ಪೂರ್ತಿ ನಿಲ್ಲಿಸಿದೆ. ಅದು ತಾನಾಗಿ ಎಲ್ಲಿ ನಿಂತಿತೋ ನೋಡಿದೆ. ಸ್ಟೂಲು ಅಲ್ಲಿಂದ ಒಂದು ಗೇಣು ಆಚೆಗಿತ್ತು. ಮಕ್ಕಳು ಒಳಗೆ ನುಗ್ಗುವಾಗ ಯಾರದೋ ಕಾಲು ತಾಗಿ ಸರಿದಿತ್ತು. ಸ್ಟೂಲನ್ನು ಎಳೆದು, ಕಾಯಿಯ ತುದಿಗೆ ಸರಿಯಾಗಿ ಚೊಂಬನ್ನು ಬೋರಲಿಟ್ಟು, ಸ್ಟೂಲಿನ ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ.

“ನಕ್ಷತ್ರ ಯಾವುದನ್ನು ಸುತ್ತುತ್ತದೋ ಅದು ನಡುವಿನಲ್ಲೇ ಇರಬೇಕು. ಪಕ್ಕದಲ್ಲಿಟ್ಟದ್ದು ನಮ್ಮ ತಪ್ಪು, ನಕ್ಷತ್ರದ್ದಲ್ಲ. ಈಗ ನೀವೇ ತಳ್ಳಿ ಸಾರ್. ಪಕ್ಕಕ್ಕೆ ತಳ್ಳಿ, ಚೊಂಬು ಬೀಳಿಸಿ. ಬಿದ್ದರೆ ಈ ಮಕ್ಕಳು ಹೆದರುವುದು ಸರಿ ಅಂತ ನಾನೇ ಒಪ್ಕೊತೀನಿ.”

ಗಿರಿಜಮ್ಮ ನನ್ನ ಕಡೆ ನೋಡಿದ ನೋಟ ಇಂದಿಗೂ ನೆನಪಿದೆ. ಅವರ ಕೊಠಡಿಯನ್ನು ನಾನು ಹಗ್ಗದ ತುದಿಗೆ ಕಟ್ಟಿದ್ದೆ.

ಕೆಂಪಣ್ಣನವರು ಪಂಚೆ ಎತ್ತಿಕಟ್ಟಿದರು. ಮೊದಲು ಜೋರಾಗಿ ತಳ್ಳಿದರು. ಕಾಯಿ ದೊಡ್ಡದಾಗಿ ಸುತ್ತಿ ಮಕ್ಕಳ ತಲೆಯ ಹತ್ತಿರ ಹಾದುಹೋಯಿತು, ಚೊಂಬಿನ ಹತ್ತಿರ ಸುಳಿಯಲಿಲ್ಲ. ಮೆಲ್ಲಗೆ ತಳ್ಳಿದರು, ಹತ್ತಿರ ಬಂದು, ಜಾರಿದಂತೆ ದಾಟಿತು. ಇನ್ನೂ ಮೆಲ್ಲಗೆ ತಳ್ಳಿದರು.

“ಅಯ್ಯೋ, ಕೂದ್ಲೆಳೆಲಿ ತಪ್ಪೋಯ್ತು!” ಎಂದಳು ಬಾಗಿಲಲ್ಲಿದ್ದ ಒಬ್ಬ ತಾಯಿ.

“ಸುಮ್ಕಿರಮ್ಮ, ನೋಡ್ತಿಲ್ವಾ ನಾನು!”

ಮಕ್ಕಳು ಎದ್ದು ನಿಂತಿದ್ದರು. ಪ್ರತಿ ಸುತ್ತಿಗೂ ‘ಹೋ’ ಎನ್ನುತ್ತಿದ್ದರು. ಇಷ್ಟು ದಿನ ಆಕಾಶಕ್ಕೆ ಹೆದರಿ ಒಳಗೆ ಕುಳಿತಿದ್ದ ಮಕ್ಕಳು ಈಗ ನಕ್ಷತ್ರದ ಪಕ್ಷ ವಹಿಸಿ, ತಮ್ಮ ಅಧ್ಯಕ್ಷರು ಸೋಲಲೆಂದು ಕೂಗುತ್ತಿದ್ದರು. ಕೆಂಪಣ್ಣನವರ ಹಣೆ ಬೆವರಿತು. ಕೊನೆಗೆ ಅವರು ಕಾಯಿಯನ್ನು ಎದೆಯ ಎತ್ತರಕ್ಕೆ ಎಳೆದು ಹಿಡಿದು, ತಳ್ಳದೆ, ಬಹಳ ಹೊತ್ತು ಚೊಂಬನ್ನೇ ನೋಡಿದರು. ಕೈಯನ್ನು ಸುಮ್ಮನೆ ಬಿಟ್ಟರು.

ಠಣ್.

ಅವರು ಗೆದ್ದ ಮುಖದಿಂದ ನನ್ನತ್ತ ತಿರುಗಿದರು. ಗಿರಿಜಮ್ಮ ಕಣ್ಣು ಮುಚ್ಚಿದರು.

“ಏನ್ ಮಾಡಿದ್ರಿ ಸಾರ್?” ಎಂದು ಕೇಳಿದೆ.

“ಏನೂ ಮಾಡ್ಲಿಲ್ಲ. ತಳ್ಳದಂಗೆ ಬುಟ್ಟೆ.”

“ಅದೇ ಪಾಠ. ಪಕ್ಕದ ಓಟ ಒಂದಿಷ್ಟಿದ್ದರೂ ತಪ್ಪಿಸಿಕೊಳ್ಳುತ್ತದೆ. ಏನೇನೂ ಇಲ್ಲದಿದ್ದರೆ ಮಾತ್ರ ನೇರ ಬೀಳುತ್ತದೆ.”

ಅವರು ಗೆದ್ದರೋ ಸೋತರೋ ಅವರಿಗೇ ತಿಳಿಯಲಿಲ್ಲ. ಗದ್ದ ಉಜ್ಜಿಕೊಂಡರು. “ಸರಿ. ಮೇಲೆ ನಿಮ್ ನಕ್ಷತ್ರ ಓಡ್ತಾ ಇರ್ತದಲ್ಲ, ಅದರ ಓಟ ನಿಲ್ಸೋರ್ ಯಾರು? ನಮ್ಮಂಗೆ ಯಾರಾದ್ರೂ ಹಿಡ್ಕೊಂಡು ಬುಡ್ತಾರಾ?”

ಇಡೀ ಗ್ಯಾಲಕ್ಸಿಯ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಅದನ್ನು ಸಿಮೆಂಟಿನ ಅಂಗಡಿಯವರು ಕೇಳಿದಾಗ ನನಗಾದ ಸಂತೋಷ ಇಷ್ಟಿಷ್ಟಲ್ಲ. ನಾನು ಎರಡನೆಯ ಕಾಯಿಯನ್ನು ಕಟ್ಟಿದೆ. ಎರಡನ್ನೂ ಬೇರೆ ಬೇರೆ ಕಡೆಯಿಂದ ಸುತ್ತಲು ಬಿಟ್ಟೆವು. ಹಲವು ಸುತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಇನ್ನೊಂದಕ್ಕೆ ತಾಗಿತು. ಒಂದು ದೂರ ಸಿಡಿಯಿತು, ಇನ್ನೊಂದು ಅಡ್ಡಾದಿಡ್ಡಿಯಾಯಿತು, ಆದರೂ ಬೀಳಲಿಲ್ಲ. ಮತ್ತೆ ಬಿಟ್ಟೆವು. ಮತ್ತೆ. ಯಾವಾಗಲೋ ಒಮ್ಮೆ ತಾಗಿದ ಕಾಯಿಯ ಓಟ ಗಕ್ಕನೆ ನಿಂತು, ಅದು ನೇರವಾಗಿ ಹೋಗಿ ಚೊಂಬಿಗೆ ಬಡಿಯಿತು.

“ಗ್ಯಾಲಕ್ಸಿಯ ನಡುವೆ ನಕ್ಷತ್ರಗಳು ಕಿಕ್ಕಿರಿದಿವೆ,” ಎಂದು ವಿವರಿಸಿದೆ. “ಅವು ಹೀಗೆ ಡಿಕ್ಕಿ ಹೊಡೆಯುವುದಿಲ್ಲ, ದೂರದಿಂದಲೇ ಒಂದನ್ನೊಂದು ಕೊಂಚ ಕೊಂಚ ಸೆಳೆಯುತ್ತವೆ. ಯುಗಯುಗಗಳ ಈ ಎಳೆದಾಟದಲ್ಲಿ ಎಲ್ಲೋ ಒಂದು ನಕ್ಷತ್ರ ಪಕ್ಕದ ಓಟವನ್ನು ಪೂರಾ ಕಳೆದುಕೊಂಡು ಒಳಕ್ಕೆ ಬೀಳುತ್ತದೆ. ಒಂದು ಗ್ಯಾಲಕ್ಸಿಯಲ್ಲಿ ಹಾಗಾಗಲು ಸಾವಿರಾರು ವರ್ಷ ಬೇಕಾಗಬಹುದು. ನಮ್ಮ ಸೂರ್ಯ ಆ ಗುಂಪಿನಲ್ಲಿಲ್ಲ, ಬಹಳ ದೂರದಲ್ಲಿದ್ದಾನೆ.”

“ಅಂದ್ರೆ ಜೊತೆಲಿರೋರೇ ತಳ್ಳಿ ಕೆಡವೋದು,” ಎಂದರು ಕೆಂಪಣ್ಣ. “ಚೊಂಬಿಂದೇನೂ ತಪ್ಪಿಲ್ಲ.”

“ಕೆಡವುವುದಷ್ಟೇ ಅಲ್ಲ ಸಾರ್, ಎಷ್ಟೋ ಸಲ ದೂರ ಎಸೆದು ಉಳಿಸುವವೂ ಅವೇ.”

ಬೀಳುವ ನಕ್ಷತ್ರ ಇಡಿಯಾಗಿ ಬೀಳುವುದಿಲ್ಲವೆಂದು ತೋರಿಸಲು ಒಂದು ಪುರಿ ಉಂಡೆಯನ್ನು ತಂದಿದ್ದೆ. ಹತ್ತಿರದ ಬದಿಯನ್ನು ಕಪ್ಪುರಂಧ್ರ ಹೆಚ್ಚು ಸೆಳೆಯುತ್ತದೆ, ದೂರದ ಬದಿಯನ್ನು ಕಡಿಮೆ. ಆ ವ್ಯತ್ಯಾಸವೇ ನಕ್ಷತ್ರವನ್ನು ಹರಿದುಹಾಕುತ್ತದೆ. ಇಬ್ಬರು ಮಕ್ಕಳು ಉಂಡೆಯ ಎರಡು ಬದಿ ಹಿಡಿದೆಳೆದರು. ಪುರಿ ಚೆಲ್ಲಿತು. ಸುಮಾರು ಅರ್ಧ ಭಾಗ ಹೊರಕ್ಕೆ ಸಿಡಿದು ಹೋಗುತ್ತದೆ, ಉಳಿದರ್ಧ ಹಿಂದಿರುಗಿ ಸುತ್ತಿಕೊಂಡು, ಕಾದು, ತಿಂಗಳುಗಟ್ಟಲೆ ಪ್ರಜ್ವಲಿಸುತ್ತದೆ ಎಂದು ಹೇಳುತ್ತಿದ್ದಂತೆಯೇ, ಎರಡು ಅರ್ಧಗಳೂ ಮಕ್ಕಳ ಹೊಟ್ಟೆ ಸೇರಿದವು. ಕೊಡೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದವಳು ಯಾರೆಂದು ಗಿರಿಜಮ್ಮ ನನಗೆ ಕಣ್ಣಲ್ಲೇ ತೋರಿಸಿದರು. ಅವಳು ನೆಲದ ಮೇಲಿನ ಪುರಿಯನ್ನೂ ಆರಿಸುತ್ತಿದ್ದಳು.

ಸಭೆ ಅದೇ ಕೊಠಡಿಯಲ್ಲಿ ನಡೆಯಿತು. ನಾವು ಹೊರಗೆ ವ್ಯಾನಿನ ಬಳಿ ಕಾದೆವು. ಕೆಂಪಣ್ಣನವರು ಹೊರಗೆ ಬಂದು ಸಿದ್ದಪ್ಪನಿಗೆ ಹೇಳಿದರು: “ಏನಪ್ಪಾ, ಆ ಕೊಂಡಿ ಕೀಳಬ್ಯಾಡ. ಕಾಯಿ, ಹಗ್ಗ ಇಲ್ಲೇ ಇರ್ಲಿ.” ಆಮೇಲೆ ಗಿರಿಜಮ್ಮನವರ ಕಡೆ ತಿರುಗಿ, ಸಿಡುಕಿದಂತೆ, “ಸಿಮೆಂಟ್ ನಮ್ಮಂಗ್ಡಿ ಹಿಂದೆ ಇಟ್ಕೊಂತೀನಿ, ಹೋಗಮ್ಮ. ಮಳೆ ಬಂದ್ರೆ ಟಾರ್ಪಾಲು ಹಾಕಿದ್ರಾಯ್ತು,” ಎಂದರು. ಗಿರಿಜಮ್ಮ ಒಳಗೆ ಹೋಗಿ, ಉರುಳಿದ್ದ ಚೊಂಬನ್ನು ಎತ್ತಿ ಸೆರಗಿನಿಂದ ಒರೆಸಿ ಸ್ಟೂಲಿನ ಮೇಲಿಟ್ಟರು. ಅದು ನಮ್ಮ ಮನೆಯ ಚೊಂಬು. ವಾಪಸು ಕೇಳುವ ಮನಸ್ಸಾಗಲಿಲ್ಲ.

ಶ್ರೀಕಂಠಯ್ಯನವರು ಮುಂದಿನ ಪ್ರದರ್ಶನದಿಂದ ಗುಡುಗನ್ನು ಕೈಬಿಟ್ಟರು. ಅವರ ಪ್ರತಿಭೆಗೆ ನಾನು ನಮಸ್ಕರಿಸುತ್ತೇನೆ: ಕಾಯಿ ಚೊಂಬಿನ ಹತ್ತಿರ ಬಂದು ತಪ್ಪುವ ಕ್ಷಣದಲ್ಲಿ ಅವರು ಉಸಿರು ಬಿಗಿಹಿಡಿಯುತ್ತಿದ್ದ ರೀತಿಗೆ ಇಡೀ ಅಂಗಳವೇ ಉಸಿರು ಹಿಡಿಯುತ್ತಿತ್ತು. ಗರ್ಜನೆಗಿಂತ ಆ ಮೌನ ಮಕ್ಕಳಿಗೆ ಹೆಚ್ಚು ಹಿಡಿಸಿತು.

ಗುಬ್ಬಿಗೂ ಕೊಟ್ಟ ಮಾತಿನಂತೆ ಹೋದೆ. ಗಣಿತದ ಮೇಷ್ಟ್ರು ಕಾಯಿಯ ಸುತ್ತನ್ನೂ ಪುರಿ ಉಂಡೆ ಹರಿಯುವುದನ್ನೂ ನೋಡಿ, ತಲೆಯಾಡಿಸಿ, ಮತ್ತೊಂದು ಪ್ರಶ್ನೆ ಕೇಳಿದರು. “ಚೊಂಬು ಇನ್ನೂ ದೊಡ್ಡದಾದ್ರೆ ನಕ್ಷತ್ರಾನ ಇನ್ನೂ ಜೋರಾಗಿ ಹರೀಬೇಕಲ್ವಾ?” ಈ ಬಾರಿ ಉತ್ತರ ನನ್ನ ಬಳಿಯಿತ್ತು: ತೀರ ದೊಡ್ಡದಾದರೆ ಹರಿಯುವುದೇ ಇಲ್ಲ, ಇಡಿಯಾಗಿ ನುಂಗುತ್ತದೆ. ಕಪ್ಪುರಂಧ್ರ ದೊಡ್ಡದಾದಂತೆ ಅದರ ಅಂಚು ನಡುವಿನಿಂದ ದೂರ ಸರಿಯುತ್ತದೆ. ಅಷ್ಟು ದೂರದಲ್ಲಿ ನಕ್ಷತ್ರದ ಈ ಬದಿಗೂ ಆ ಬದಿಗೂ ಸೆಳೆತದ ವ್ಯತ್ಯಾಸ ಅಲ್ಪ. ಹರಿದು ಹೋಗುವಷ್ಟು ಒಳಗೆ ಹೋಗುವ ಮೊದಲೇ ಅದು ಅಂಚು ದಾಟಿ ಮರೆಯಾಗಿರುತ್ತದೆ. ಮೇಷ್ಟ್ರು ಒಂದು ನಿಮಿಷ ಲೆಕ್ಕ ಹಾಕಿಕೊಂಡು, “ಸರಿ ಇದೆ,” ಎಂದರು. ನನ್ನ ವೃತ್ತಿಯಲ್ಲಿ ಸಿಕ್ಕ ಪ್ರಶಸ್ತಿಗಳಲ್ಲಿ ಅದನ್ನೇ ಮೊದಲು ಎಣಿಸುತ್ತೇನೆ.

ಎರಡು ಸಾವಿರದ ನಂತರ ಎಲ್ಲವೂ ಬದಲಾಯಿತು. ನಮ್ಮದೇ ಗ್ಯಾಲಕ್ಸಿಯ ನಡುವಿನ ನಕ್ಷತ್ರಗಳನ್ನು ಖಗೋಳಜ್ಞರು ವರ್ಷಗಟ್ಟಲೆ ಹಿಂಬಾಲಿಸಿ, ಅವು ಕಾಣದ ಯಾವುದೋ ಭಾರದ ವಸ್ತುವನ್ನು ಸುತ್ತುತ್ತಿರುವುದನ್ನು ಗುರುತಿಸಿದ ಸುದ್ದಿ ಬಂತು. ಒಂದು ನಕ್ಷತ್ರ ತೀರ ಹತ್ತಿರ ಹೋಗಿ, ವೇಗವಾಗಿ ತಿರುಗಿ, ಮತ್ತೆ ಹೊರಕ್ಕೆ ಬಂದಿತ್ತು. ಪತ್ರಿಕೆಯಲ್ಲಿದ್ದ ಅದರ ದಾರಿಯ ಚಿತ್ರವನ್ನು ಸಿದ್ದಪ್ಪನಿಗೆ ತೋರಿಸಿದೆ.

“ಚೊಂಬ್ ಬೀಳ್ಸಿಲ್ಲ ಅನ್ನಿ,” ಎಂದ ಅವನು, ತೃಪ್ತಿಯಿಂದ.

ಅದೇ ಕಾಲದಲ್ಲಿ ವ್ಯಾನಿಗೆ ಲ್ಯಾಪ್‌ಟಾಪೂ ಹೊಸ ಪ್ರೊಜೆಕ್ಟರೂ ಬಂದವು. ಸಿದ್ಧಪಡಿಸಿದ ಚಲಿಸುವ ಚಿತ್ರಗಳು ಬಂದವು. ಬಣ್ಣ ಚೆನ್ನಾಗಿತ್ತು, ಸಂಗೀತ ಚೆನ್ನಾಗಿತ್ತು. ವಿಷಯ ಮಾತ್ರ ಬಟ್ಟೆಯ ಹೊಂಡದ ಕಾಲಕ್ಕೆ ಹಿಂದಿರುಗಿತ್ತು. ನಡುವೆ ಕಪ್ಪು ಬಾಯಿ, ಸುತ್ತಲಿನ ನಕ್ಷತ್ರಗಳೆಲ್ಲ ಸಾಲಾಗಿ ಒಳಗೆ.

ಸ್ವಯಂ ನಿವೃತ್ತಿಗೆ ಮುಂಚಿನ ನನ್ನ ಕೊನೆಯ ಪ್ರವಾಸಗಳಲ್ಲಿ ಒಂದು ಹುಲಿಯೂರುದುರ್ಗಕ್ಕೆ. ಗಿರಿಜಮ್ಮ ನಿವೃತ್ತರಾಗಿದ್ದರು, ಅವರ ಕೊಠಡಿ ಹಾಗೆಯೇ ಇತ್ತು, ಬಾಟಲಿಗಳು ಹೆಚ್ಚಿದ್ದವು. ನನ್ನ ಜೊತೆಗೆ ಹೊಸದಾಗಿ ಸೇರಿದ್ದ ಹರೀಶ ಬಂದಿದ್ದ. ಬುದ್ಧಿವಂತ, ಚುರುಕಿನ ತರುಣ. ಗೋಡೆಯ ಮೇಲೆ ಆ ಚಿತ್ರವನ್ನು ಹಾಕಿ, “ಇದರ ಹತ್ತಿರ ಬಂದಿದ್ದನ್ನೆಲ್ಲ ಇದು ಎಳ್ಕೊಂಡ್ಬಿಡುತ್ತೆ,” ಎಂದು ಹೇಳತೊಡಗಿದ. ನಾನು ಎದ್ದು ನಿಲ್ಲುವಷ್ಟರಲ್ಲಿ ಹಿಂದಿನ ಬೆಂಚಿನಿಂದ ದನಿ ಬಂತು. ಕೆಂಪಣ್ಣನವರದು. ಅವರ ಕೈಯಲ್ಲಿ ಈಗ ಕೋಲು.

“ಏಯ್ ತಮ್ಮ. ಆ ಪಿಚ್ಚರ್ ನಿಲ್ಸು ಒಸಿ.”

ಹರೀಶ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ಬೆಟ್ಟವನ್ನು ನೋಡಿದೆ.

“ಏನಂದೆ? ಎಳ್ಕೊಂಡ್ಬುಡುತ್ತಾ?” ಮುದುಕರು ಎದ್ದು ಬಂದು, ಗೋಡೆಯ ಮೊಳೆಗೆ ಸುತ್ತಿಟ್ಟಿದ್ದ ಹಗ್ಗವನ್ನು ಬಿಚ್ಚಿದರು. ತೊಲೆಯ ಕೊಂಡಿಯಿಂದ ಕಾಯಿ ಇಳಿಯಿತು; ಪ್ರತಿ ವರ್ಷ ಹೊಸ ಕಾಯಿ ಕಟ್ಟಿಸುವುದು ಅವರೇ ಎಂದು ಆಮೇಲೆ ತಿಳಿಯಿತು. ಮಕ್ಕಳು ಯಾರೂ ಹೇಳದೆಯೇ ಸ್ಟೂಲನ್ನು ನೆಲದ ಮೇಲಿನ ಗುರುತಿಗೆ ಸರಿಯಾಗಿ ಎಳೆದಿಟ್ಟರು, ಚೊಂಬನ್ನು ಬೋರಲು ಹಾಕಿದರು. “ಬಾ ಇಲ್ಲಿ. ಹಿಡ್ಕೊ. ಪಕ್ಕಕ್ಕೆ ತಳ್ಳು. ಚೊಂಬು ಎಳ್ಕೊಳ್ಳೋದ್ ತೋರ್ಸು ನೋಡಾನ.”

ಹರೀಶ ನಗುತ್ತಲೇ ತಳ್ಳಿದ. ಮಕ್ಕಳು ನಗಲಿಲ್ಲ, ಅವರಿಗೆ ಮುಂದೇನೆಂದು ಗೊತ್ತಿತ್ತು. ಕಾಯಿ ಸುತ್ತಿತು, ಹತ್ತಿರ ಬಂದಿತು, ದೂರ ಹೋಯಿತು, ಮತ್ತೆ ಬಂದಿತು. ಅವನ ನಗು ನಿಧಾನವಾಗಿ ಕರಗಿ, ಅದರ ಜಾಗದಲ್ಲಿ ಇನ್ನೊಂದು ಬಗೆಯ ಮುಖ ಮೂಡಿತು. ನಾನು ಈ ಬರಹದ ಮೊದಲಿಗೆ ಹೇಳಿದೆನಲ್ಲ, ಮನೆಗೆ ಹೋಗಿ ಓದಬೇಕು ಎಂದು, ಅದನ್ನು ನಿರ್ಧರಿಸುವವರ ಮುಖ. ಗೋಡೆಯ ಮೇಲೆ ಚಿತ್ರ ನಿಂತೇ ಇತ್ತು. ತೊಲೆಯ ಕೊಂಡಿಯಲ್ಲಿ ಹಗ್ಗ ಸಣ್ಣಗೆ ಕಿರುಗುಟ್ಟುತ್ತಿತ್ತು.

ಚೊಂಬು ಅಲುಗಲಿಲ್ಲ.